ಎಷ್ಟು ನೀರು ಚಿಮುಕಿಸಿದರೂ ಆಮೆಮರಿಯ ತೊಟ್ಟಿ ಒಣಗುತ್ತದೆ, ಏನು ಮಾಡಲಿ?

ನೀವು ಬರೆದದ್ದು ಇಷ್ಟು: ಕೆಲವೇ ತಿಂಗಳ ಸಲ್ಕಾಟಾ ಜಾತಿಯ ಆಮೆಮರಿ, ಮೇಲೆ ತೆರೆದ ಗಾಜಿನ ತೊಟ್ಟಿ, ಒಳಗೆ ಒಣ ಮರಳು, ಮೇಲೊಂದು ಬಲ್ಬ್. ಎಷ್ಟು ನೀರು ಚಿಮುಕಿಸಿದರೂ ತೇವಾಂಶ ಶೇ. 35 ದಾಟುತ್ತಿಲ್ಲ. ಚಿಪ್ಪು ಉಬ್ಬುತ್ತಿದೆ. ಇನ್ನೂ ಒದ್ದೆ ಮಾಡಿದರೆ ಶೀತ ಆಗುತ್ತೇನೋ ಅನ್ನೋ ಭಯ ಬೇರೆ.

ನಾನೂ ಸಲ್ಕಾಟಾ ಸಾಕುತ್ತೇನೆ. ನನ್ನ ಸಲಹೆ ಇಷ್ಟೇ, ಮೊದಲು ತೊಟ್ಟಿಯ ಮೇಲಿನ ಬಾಯಿ ಮುಚ್ಚಿ. ಉಳಿದದ್ದೆಲ್ಲ ಆಮೇಲೆ.

ಈಗ ಆಗುತ್ತಿರುವುದು ಏನು ಗೊತ್ತಾ? ಬಲ್ಬ್ ಗಾಳಿಯನ್ನು ಬಿಸಿ ಮಾಡುತ್ತದೆ. ಆ ಬಿಸಿಗಾಳಿ ಹೊಗೆಗೂಡಿನಲ್ಲಿ ಏರಿದ ಹಾಗೆ ಸೀದಾ ಮೇಲೇರಿ ಆಚೆ ಹೋಗುತ್ತದೆ, ಹೋಗುವಾಗ ತೇವವನ್ನೂ ಹೊತ್ತುಕೊಂಡು ಹೋಗುತ್ತದೆ. ಅದರ ಜಾಗಕ್ಕೆ ಕೋಣೆಯ ಒಣಗಾಳಿ ಇಳಿಯುತ್ತದೆ. ಬಿಸಿ ಸಾಲದು ಅಂತ ಜಾಸ್ತಿ ವ್ಯಾಟ್‌ನ ಬಲ್ಬ್ ಹಾಕಿದರೆ ಇನ್ನೂ ಬೇಗ ಒಣಗುತ್ತದೆ. ಬಾಯಿ ಮುಚ್ಚಿದರೆ ಬಿಸಿ, ತೇವ ಎರಡೂ ಒಳಗೇ ನಿಲ್ಲುತ್ತವೆ. ಆಗ ಚಿಕ್ಕ ಬಲ್ಬೇ ಸಾಕು.

ಆದರೆ ಬಲ್ಬ್ ಹೊರಗಿಟ್ಟು ಮುಚ್ಚಳ ಹಾಕಿದರೆ ಪ್ರಯೋಜನವಿಲ್ಲ, ಬಲ್ಬು ಟ್ಯೂಬು ಎಲ್ಲ ಒಳಗೇ ಇರಬೇಕು. ನಿಮ್ಮ ತೊಟ್ಟಿ ತಗ್ಗಾಗಿದ್ದರೆ ಅದರಲ್ಲಿ ಇದು ಆಗದು, ಬಲ್ಬ್ ತೀರಾ ಹತ್ತಿರವಾಗಿ ಮೇಲೆ ಮುಚ್ಚಿದ ಪ್ಲಾಸ್ಟಿಕ್ ಕರಗೀತು. ಮುಂದೆ ಬಾಗಿಲಿರುವ ಎತ್ತರದ ಪೆಟ್ಟಿಗೆ ಮಾಡಿಸಿ, ಅಥವಾ ಗಿಡಗಳಿಗೆ ಬಳಸುವ ಸಣ್ಣ ಗ್ರೀನ್‌ಹೌಸ್‌ನ ಒಳಗೆ ತೊಟ್ಟಿಯನ್ನೇ ಇಡಿ. ಬಾಗಿಲಿನ ಸಂದಿಯಿಂದ ಬರುವ ಗಾಳಿ ಮರಿಗೆ ಸಾಕಾಗುತ್ತದೆ. ಬಲ್ಬಿಗೆ ಪಿಂಗಾಣಿ ಹೋಲ್ಡರ್ ಇರಲಿ, ಕ್ಲಿಪ್ಪನ್ನು ನಂಬದೆ ಸರಪಳಿಯಿಂದ ತೂಗುಹಾಕಿ. ಬಲ್ಬ್ ಕಳಚಿ ಬಿದ್ದರೆ ಬೆಂಕಿ ಹತ್ತಬಹುದು, ಇದರಲ್ಲಿ ಮಾತ್ರ ಉಳಿತಾಯ ಬೇಡ.

ಬಲ್ಬಿನ ಕೆಳಗೆ, ಆಮೆಯ ಬೆನ್ನಿನ ಮಟ್ಟದಲ್ಲಿ, 35ರಿಂದ 37 ಡಿಗ್ರಿ ಸೆಲ್ಸಿಯಸ್ ಬರಬೇಕು. ಉಳಿದ ಕಡೆ 27ರಿಂದ 30. ರಾತ್ರಿ 26ಕ್ಕಿಂತ ಕೆಳಗೆ ಇಳಿಯಬಾರದು. ತೇವಾಂಶ ಶೇ. 80ರ ಆಸುಪಾಸು. ರಾತ್ರಿ ಬೆಳಕು ಬೇಡ, ಕೆಂಪು ಬಲ್ಬ್ ಕೂಡ ಬೇಡ. ಬೆಳಕಿಲ್ಲದೆ ಬಿಸಿ ಕೊಡುವ ಸೆರಾಮಿಕ್ ಹೀಟರ್ ಸಿಗುತ್ತದೆ, ಅದನ್ನು ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್‌ಗೆ ಜೋಡಿಸಿ. ಹೊಟ್ಟೆಯ ಕೆಳಗಿಂದ ಬಿಸಿ ಕೊಡುವ ಕಲ್ಲುಗಳನ್ನು ಕೊಳ್ಳಬೇಡಿ, ಚರ್ಮ ಸುಡುವಷ್ಟು ಬಿಸಿಯಾದರೂ ಆಮೆ ಸುಮ್ನೆ ಅದರ ಮೇಲೇ ಕೂತಿರುತ್ತದೆ.

ಅಳೆಯುವ ಮೀಟರ್ ಗೋಡೆಯ ಮೇಲ್ಭಾಗಕ್ಕೆ ಅಂಟಿಸಿದ್ದೀರಾ? ಹಾಗಿದ್ದರೆ ಕಿತ್ತು ನೆಲದ ಹತ್ತಿರ ಇಡಿ. ಮರಿ ಉಸಿರಾಡುವುದು ಅಲ್ಲಿಯ ಗಾಳಿಯನ್ನು ಅಲ್ವಾ?

ಇನ್ನು ಶೀತದ ಮಾತು. ತೇವದ ಜೊತೆ ಚಳಿ ಸೇರಿದರೆ ಮರಿಗೆ ಕಷ್ಟ. ತೇವ ಇದ್ದು ಬೆಚ್ಚಗೂ ಇದ್ದರೆ ತೊಂದರೆಯಿಲ್ಲ. ಅದಕ್ಕೇ ರಾತ್ರಿಯ ಬಿಸಿಯ ಬಗ್ಗೆ ಇಷ್ಟು ಒತ್ತಿ ಹೇಳಿದೆ. ಮರುಭೂಮಿಯ ಪ್ರಾಣಿಗೆ ತೇವ ಯಾಕೆ ಅಂತ ಅನಿಸಬಹುದು. ಸಲ್ಕಾಟಾ ಸಹಾರಾದ ದಕ್ಷಿಣ ಅಂಚಿನ ಸಾಹೆಲ್ ಸೀಮೆಯದು, ನಿಜ. ಆದರೆ ಅಲ್ಲಿ ಅದು ದಿನವಿಡೀ ಬಿಸಿಲಿಗೆ ಮೈಯೊಡ್ಡಿ ಕೂರುವುದಿಲ್ಲ, ಬಿಲ ತೋಡಿ ಒಳಗೆ ಸೇರಿಕೊಳ್ಳುತ್ತದೆ. ಬಿಲದೊಳಗಿನ ಗಾಳಿ ಹೊರಗಿನಷ್ಟು ಒಣಗಿರುವುದಿಲ್ಲ.

ಚಿಪ್ಪಿನ ಉಬ್ಬಿಗೂ ಒಣಗಾಳಿಯೇ ಮುಖ್ಯ ಕಾರಣ. ಪ್ರೋಟೀನ್ ಜಾಸ್ತಿಯಾದರೆ ಚಿಪ್ಪು ಗುಡ್ಡೆಗಟ್ಟುತ್ತದೆ ಅಂತ ಹಿಂದೆ ಎಲ್ಲರೂ ಹೇಳುತ್ತಿದ್ದರು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಲ್ಕಾಟಾ ಮರಿಗಳನ್ನೇ ಬೇರೆ ಬೇರೆ ತೇವಾಂಶದಲ್ಲಿ, ಬೇರೆ ಬೇರೆ ಪ್ರಮಾಣದ ಪ್ರೋಟೀನ್ ಕೊಟ್ಟು ಬೆಳೆಸಿ ನೋಡಿದರು. ಒಣಗಾಳಿಯಲ್ಲಿ ಬೆಳೆದವುಗಳ ಚಿಪ್ಪೇ ಹೆಚ್ಚು ಉಬ್ಬಿತು, ಪ್ರೋಟೀನಿನ ಪ್ರಭಾವ ತೀರಾ ಕಡಿಮೆ. ನಿಮ್ಮ ಮರಿಯನ್ನು ಬೆಳಕಿಗೆ ಹಿಡಿದು ನೋಡಿ, ಚಿಪ್ಪಿನ ಬಿಲ್ಲೆಗಳ ನಡುವೆ ಬಿಳಿಚಿಕೊಂಡ ಸಣ್ಣ ಗೆರೆ ಕಾಣುತ್ತದೆ. ಹೊಸ ಬೆಳವಣಿಗೆ ಅದೇ. ಈಗಾಗಲೇ ಎದ್ದಿರುವ ಉಬ್ಬು ಇಳಿಯುವುದಿಲ್ಲ. ಆದರೆ ಆ ಗೆರೆಯಿಂದ ಮುಂದೆ ಬರುವುದನ್ನು ನಯವಾಗಿ ಬೆಳೆಸುವುದು ನಿಮ್ಮ ಕೈಯಲ್ಲಿದೆ.

ಮರಳು ತೆಗೆದುಬಿಡಿ. ಮರಿ ಅದನ್ನು ನುಂಗುತ್ತದೆ, ಕರುಳಿನಲ್ಲಿ ಕಟ್ಟಿಕೊಳ್ಳಬಹುದು. ಅದರ ಬದಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ನಾಲ್ಕು ಇಂಚು ದಪ್ಪ ಹಾಸಿ. ಒಂದು ಹಿಡಿ ತೆಗೆದು ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಒಣಗಿದಾಗ ಮೇಲಿಂದ ಚಿಮುಕಿಸುವ ಬದಲು ಮೂಲೆಗಳಲ್ಲಿ ಬೆಚ್ಚಗಿನ ನೀರು ಸುರಿಯಿರಿ. ಆಗ ತಳ ಹಸಿಯಾಗಿರುತ್ತದೆ, ಮೇಲ್ಪದರ ಕೆಸರಾಗುವುದಿಲ್ಲ. ಯಾವಾಗಲೂ ಕೆಸರಲ್ಲೇ ಕೂತರೆ ಹೊಟ್ಟೆಯ ಕಡೆಯ ಚಿಪ್ಪು ಕೊಳೆಯಬಹುದು. ಅಡಗಲು ಒಂದು ಕುಂಡವನ್ನು ಅಡ್ಡ ಮಲಗಿಸಿ ಅರ್ಧ ಹೂತುಬಿಡಿ.

ದಿನಾ ಹದಿನೈದಿಪ್ಪತ್ತು ನಿಮಿಷ ಉಗುರುಬೆಚ್ಚಗಿನ ನೀರಲ್ಲಿ ಬಿಡಿ, ಗದ್ದದ ಮಟ್ಟಕ್ಕಿಂತ ನೀರು ಮೇಲೆ ಬರಬಾರದು. ಗೂಡಲ್ಲೂ ಸುಲಭವಾಗಿ ಹತ್ತಿ ಇಳಿಯುವಂಥ ತಟ್ಟೆಯಲ್ಲಿ ನೀರಿರಲಿ.

ಬಿಸಿಲಲ್ಲಿರುವ ನೇರಳಾತೀತ ಕಿರಣ ಕೊಡುವ ಯುವಿಬಿ ಟ್ಯೂಬ್ ಬಗ್ಗೆ ನೀವು ಬರೆದಿಲ್ಲ. ಅದು ಬೇಕೇ ಬೇಕು, ಇಲ್ಲದಿದ್ದರೆ ಡಿ3 ವಿಟಮಿನ್ ತಯಾರಾಗುವುದಿಲ್ಲ, ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ, ಚಿಪ್ಪು ಮೆತ್ತಗಾಗುತ್ತದೆ. ಕಿಟಕಿಯ ಗಾಜಿನಿಂದ ಬರುವ ಬಿಸಿಲು ಇದಕ್ಕೆ ಲೆಕ್ಕಕ್ಕಿಲ್ಲ, ಗಾಜು ಆ ಕಿರಣವನ್ನು ತಡೆದುಬಿಡುತ್ತದೆ. ಉದ್ದ ಟ್ಯೂಬ್ ತರದ್ದೇ ತೆಗೆದುಕೊಳ್ಳಿ.

ಇಷ್ಟೆಲ್ಲ ಜೋಡಿಸಿದ ಮೇಲೆ ಒಂದು ಹಗಲು ಒಂದು ರಾತ್ರಿ ಖಾಲಿ ಗೂಡನ್ನೇ ಓಡಿಸಿ, ರೀಡಿಂಗ್ ನೋಡಿ, ಆಮೇಲೆ ಮರಿಯನ್ನು ಬಿಡಿ. ಮೂಗಲ್ಲಿ ಗುಳ್ಳೆ ಬಂದರೆ, ಬಾಯಿ ತೆರೆದು ಉಸಿರಾಡಿದರೆ, ಉಸಿರಾಡುವಾಗ ಸದ್ದು ಬಂದರೆ ಕಾಯಬೇಡಿ, ಸರೀಸೃಪಗಳನ್ನು ನೋಡಿ ಅಭ್ಯಾಸವಿರುವ ವೈದ್ಯರ ಹತ್ತಿರ ಅವತ್ತೇ ಹೋಗಿ. ಬೆಳಗಿನ ಜಾವದ ಬಿಸಿ ಮತ್ತು ತೇವಾಂಶ ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ, ಬಲ್ಬ್ ಬದಲಿಸಬೇಕಾ ಅನ್ನೋದನ್ನು ಆಗ ನೋಡೋಣ.