ಪ್ರತಿಕ್ರಿಯೆ: ಅಕ್ಟೋಬರ್ ಕೊನೆಗೆ ಮಗನ ಜೊತೆ ರಾಫ್ಟಿಂಗ್, ದುಬಾರೆಯೋ ಬರಪೊಳೆಯೋ?

ಕೊಡಗಿನಲ್ಲಿ ರಾಫ್ಟಿಂಗ್‌ಗೆ, ಅಂದರೆ ರಬ್ಬರ್ ದೋಣಿಯಲ್ಲಿ ಹೊಳೆ ಇಳಿಯೋದಕ್ಕೆ, ದುಬಾರೆ ಒಳ್ಳೇದಾ ಬರಪೊಳೆ ಒಳ್ಳೇದಾ ಅಂತ ಕೇಳಿದ್ದೀರಿ. ಹತ್ತು ವರ್ಷದ ಮಗ ಜೊತೆಗಿದ್ದಾನೆ, ಪ್ರಾಣಿ ಪಕ್ಷಿನೂ ನೋಡಬೇಕು ಅಂದಿದ್ದೀರಿ. ಹಾಗಾದರೆ ದುಬಾರೆ ಸರ್. ಬರಪೊಳೆ ಮಳೆಗಾಲದ ಹೊಳೆ, ಬ್ರಹ್ಮಗಿರಿ ಕಡೆಯಿಂದ ಧುಮುಕಿ ಕೇರಳಕ್ಕೆ ಹೋಗುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಬ್ಬರ ಜಾಸ್ತಿ, ಆಮೇಲೆ ಬಂಡೆಗಳೇ ಎದ್ದು ಕಾಣುತ್ತವೆ. ಮಕ್ಕಳಿಗಂತೂ ಬೇಡ.

ದುಬಾರೆಯಲ್ಲಿ ಕಾವೇರಿ ಅಷ್ಟು ಸಿಟ್ಟಿನವಳಲ್ಲ. ನೀರು ಇಳಿದ ಮೇಲೆ ನಡುನಡುವೆ ಸಣ್ಣ ಸೆಳೆತ, ಉಳಿದಂತೆ ಹುಟ್ಟು ಹಾಕುತ್ತಾ ಸುಮ್ನೆ ತೇಲುವುದೇ. ಆದರೆ ಮಳೆ ನಿಂತಿದೆಯಾ, ಮಕ್ಕಳನ್ನು ಬಿಡ್ತಾರಾ ಅಂತ ಹೊರಡುವ ಮುಂಚೆ ಫೋನ್ ಮಾಡಿ ಕೇಳಿ. ಬೆಳಿಗ್ಗೆ ಬೇಗ ಹೋಗಿ, ಗಲಾಟೆ ಮಾಡದೆ ಕೂತರೆ ಮಿಂಚುಳ್ಳಿ, ರೆಕ್ಕೆ ಹರಡಿ ಬಿಸಿಲು ಕಾಯಿಸುವ ನೀರುಕಾಗೆ ಸಿಗುತ್ತವೆ. ಅದೃಷ್ಟ ಇದ್ದರೆ ನೀರುನಾಯಿ. ನಾನು ಇಷ್ಟು ವರ್ಷದಲ್ಲಿ ಎರಡೇ ಸಲ ನೋಡಿದ್ದು, ಅದೂ ತಲೆ ಮಾತ್ರ! ಆಚೆ ದಡದಲ್ಲಿ ಆನೆ ಶಿಬಿರ ಇದೆ, ಮೈಸೂರು ದಸರಾಕ್ಕೆ ಇಲ್ಲಿಂದಲೂ ಆನೆಗಳು ಹೋಗುತ್ತವೆ. ಸ್ನಾನ ಮಾಡಿಸುವ ಹೊತ್ತಿಗೆ ತಲುಪಿದರೆ ಮಗ ರಾಫ್ಟ್ ಮರೆತೇ ಬಿಡ್ತಾನೆ.

ಇತಿಹಾಸ ಕೇಳಿದ್ದಿರಲ್ವಾ? ನೀವು ಉಳಿಯುವ ಕುಶಾಲನಗರಕ್ಕೆ ಬ್ರಿಟಿಷರ ಕಾಲದಲ್ಲಿ ಫ್ರೇಸರ್‌ಪೇಟೆ ಅಂತ ಹೆಸರಿತ್ತು. 1834ರಲ್ಲಿ ಕೊಡಗನ್ನು ಬ್ರಿಟಿಷ್ ಆಡಳಿತಕ್ಕೆ ಸೇರಿಸಿಕೊಂಡಾಗ ಇಲ್ಲಿದ್ದ ಅಧಿಕಾರಿ ಫ್ರೇಸರ್. ಪಕ್ಕದ ಕೂಡಿಗೆಯಲ್ಲಿ ಹಾರಂಗಿ ಬಂದು ಕಾವೇರಿಗೆ ಸೇರುತ್ತೆ, ಊರಿನ ಹೆಸರಲ್ಲೇ ಆ ಕೂಡುವಿಕೆ ಇದೆ ನೋಡಿ.

ಲೈಫ್ ಜಾಕೆಟ್ ಮಗನ ಅಳತೆಯದ್ದೇ ಕೇಳಿ. ದೊಡ್ಡವರದ್ದು ಕೊಟ್ಟರೆ ಹತ್ತಬೇಡಿ.