ಹೆಣ್ಣುಕುದುರೆ ನೋಡೋಕೆ ಒಂದೇ ಬಣ್ಣ. ಒಳಗೆ ಪಿಂಟೊ (ಬಿಳಿ ತೇಪೆಯ ಬಣ್ಣ) ಅಡಗಿದೆಯಾ ಅಂತ ಮೈ ನೋಡಿ ಹೇಳಬಹುದಾ?

ನಿಮ್ಮ ಪ್ರಶ್ನೆ ಓದಿ ಸುಮ್ಮನಿರಲು ಆಗಲಿಲ್ಲ. ಕೆಂಚು ಬಣ್ಣದ ಹೆಣ್ಣು, ಮುಖದ ಮೇಲೆ ತುಟಿವರೆಗೆ ಇಳಿದ ಬಿಳಿ ಪಟ್ಟೆ, ಒಂದು ಕಣ್ಣು ನೀಲಿ, ಉಳಿದ ಮೈಯೆಲ್ಲ ಒಂದೇ ಬಣ್ಣ. ಹೋದ ಸಲ ಒಂದೇ ಬಣ್ಣದ ಗಂಡಿಗೆ ಕೂಡಿಸಿದರೂ ಮರಿ ಮಾತ್ರ ಬಿಳಿ ತೇಪೆಗಳ ಜೊತೆ ಹುಟ್ಟಿತು. ಈಗ ಫ್ರೇಮ್ ಓವೆರೊ (ಪಿಂಟೊದಲ್ಲೇ ಒಂದು ಬಗೆ) ಗಂಡಿಗೆ ಕೂಡಿಸಬೇಕು ಅಂತಿದ್ದೀರಿ. ಕೊನೆಗೆ ಒಂದು ಸಾಲು ಸೇರಿಸಿದ್ದೀರಿ: ಅಡಗಿದ್ದರೂ ತೊಂದರೆ ಬರೋದು ನಾಲ್ಕರಲ್ಲಿ ಒಂದು ಸಲ ತಾನೆ?

ಆ ನಾಲ್ಕರಲ್ಲಿ ಒಂದು ನನ್ನ ಲಾಯದಲ್ಲೇ ಹುಟ್ಟಿತ್ತು.

ನನ್ನ ಹೆಣ್ಣಿನ ಹೆಸರು ಚುಕ್ಕಿ. ಕಂದು ಮೈ, ಕಪ್ಪು ಜೂಲು, ಕಪ್ಪು ಕಾಲು. ಹಣೆಯ ಮೇಲೆ ಹೆಬ್ಬೆರಳು ಒತ್ತಿದಷ್ಟು ಬಿಳಿ, ಅದಕ್ಕೇ ಆ ಹೆಸರು. ಬೇರೆಲ್ಲೂ ಒಂದು ಬಿಳಿ ಕೂದಲಿಲ್ಲ. ಆ ಮರಿಗಿಂತ ಮುಂಚೆ ಮೂರು ಮರಿ ಹಾಕಿದ್ದಳು, ಮೂರೂ ಒಂದೇ ಬಣ್ಣ. ಅವಳ ಅಜ್ಜಿ ಟೊಬಿಯಾನೊ (ಪಿಂಟೊದಲ್ಲೇ ಇನ್ನೊಂದು ಬಗೆ) ಅಂತ ಕಾಗದದಲ್ಲಿತ್ತು. ನನಗೆ ಇಷ್ಟವಾದ ಗಂಡು ಫ್ರೇಮ್. ಕತ್ತು, ಪಕ್ಕೆಯ ಮೇಲೆ ಹರಿದ ಬಟ್ಟೆಯ ಅಂಚಿನಂಥ ಬಿಳಿ, ಬೆನ್ನಿನ ಗೆರೆ ಪೂರ್ತಿ ಕಂದು. ಅದರ ಯಜಮಾನರು ಏನೂ ಮುಚ್ಚಿಡಲಿಲ್ಲ. ಫ್ರೇಮ್ ಜೀನ್ ಒಂದು ಪ್ರತಿ ಇದೆ, ನಿಮ್ಮ ಹೆಣ್ಣಿನ ಪರೀಕ್ಷೆ ಆಗಿದೆಯಾ ಅಂತ ಅವರೇ ಕೇಳಿದರು. ಆಗಿದೆ, ಏನೂ ಇಲ್ಲ ಅಂದೆ.

ನಾನು ಸುಳ್ಳು ಹೇಳಿರಲಿಲ್ಲ. ಪರೀಕ್ಷೆ ಮಾಡಿಸಿದ್ದು ನಿಜ, ವರದಿಯಲ್ಲಿ ಎನ್/ಎನ್, ಅಂದರೆ ಒಂದು ಪ್ರತಿಯೂ ಇಲ್ಲ, ಅಂತ ಬಂದಿದ್ದೂ ನಿಜ. ನಿಜ ಹೇಳಿಯೂ ಎಂಥ ತಪ್ಪು ಮಾಡಿದೆ ಅಂತ ಗೊತ್ತಾಗಲು 11 ತಿಂಗಳು ಬೇಕಾಯಿತು.

ಮರಿ ಹುಟ್ಟಿದ್ದು ರಾತ್ರಿ. ಮುಂಗಾಲು ಬಂತು, ಮೂಗು ಬಂತು, ಎಲ್ಲ ಸಲೀಸು. ಟಾರ್ಚ್ ಬಿಟ್ಟು ನೋಡಿದರೆ ಮೈ ಪೂರ್ತಿ ಬಿಳಿ. ಒದ್ದೆ ಕೂದಲಿನ ಕೆಳಗೆ ಚರ್ಮ ತಿಳಿ ಗುಲಾಬಿ, ಕಿವಿಯ ಒಳಗೂ ಗುಲಾಬಿ, ಎರಡೂ ಕಣ್ಣು ನೀಲಿ. ಚಂದ ಅಂದರೆ ಚಂದ. ಒಂದು ಗಂಟೆಯೊಳಗೆ ಎದ್ದು ನಿಂತು ಗಿಣ್ಣದ ಹಾಲು ಕುಡಿಯಿತು. ಫೋಟೊ ತೆಗೆದು ಗೊತ್ತಿದ್ದವರಿಗೆಲ್ಲ ಕಳಿಸಿದೆ.

ಆಮೇಲೆ ಬಾಲ ಎತ್ತಿ ಮುಕ್ಕಲು ಶುರು ಮಾಡಿತು. ಹುಟ್ಟಿದ ಮರಿ ಕೆಲವು ಗಂಟೆಯೊಳಗೆ ಕಪ್ಪಗೆ, ಅಂಟಂಟಾಗಿ ಮೊದಲ ಲದ್ದಿ ಹಾಕಬೇಕು. ಇದು ಬಾಲ ಎತ್ತುತ್ತದೆ, ಬೆನ್ನು ಬಾಗಿಸುತ್ತದೆ, ಏನೂ ಬರಲ್ಲ. ಮತ್ತೆ ಹೋಗಿ ಹಾಲು ಕುಡಿಯುತ್ತದೆ, ಮತ್ತೆ ಬಂದು ಬಾಲ ಎತ್ತುತ್ತದೆ. ಬೆಳಗಾಗುವ ಹೊತ್ತಿಗೆ ಮಲಗೋದು, ಏಳೋದು, ತಿರುಗಿ ತಿರುಗಿ ತನ್ನ ಹೊಟ್ಟೆ ನೋಡಿಕೊಳ್ಳೋದು. ಡಾಕ್ಟರು ಬಂದು ಎನಿಮಾ ಕೊಟ್ಟರು, ಹೊಟ್ಟೆಯ ಎರಡೂ ಕಡೆ ಕೊಳವೆ ಇಟ್ಟು ತುಂಬಾ ಹೊತ್ತು ಕೇಳಿಸಿಕೊಂಡರು. ಆಮೇಲೆ ತಂದೆಯ ಬಣ್ಣ ಯಾವುದು ಅಂದರು. ಫ್ರೇಮ್ ಅಂದೆ. ತಾಯಿ? ಪರೀಕ್ಷೆ ಆಗಿದೆ ಡಾಕ್ಟ್ರೇ, ಏನೂ ಇಲ್ಲ. ಕಾಗದ ತನ್ನಿ ಅಂದರು.

ತಂದು ಕೊಟ್ಟೆ. ಅವರು ಬೆರಳಿಟ್ಟು ಸಾಲು ಸಾಲಾಗಿ ಓದಿದರು. "ಇದು ಟೊಬಿಯಾನೊ. ಫ್ರೇಮ್ ಎಲ್ಲಿ?" ಅಂದರು. ಫ್ರೇಮ್ ಅನ್ನೋ ಸಾಲೇ ಇರಲಿಲ್ಲ. ನಾನು ಕೇಳಿಯೇ ಇರಲಿಲ್ಲ.

ಡಾಕ್ಟರು ಬಣ್ಣ ನೋಡಿ ತೀರ್ಮಾನ ಮಾಡಲಿಲ್ಲ, ಸಂಜೆವರೆಗೆ ಕಾದರು. ನೋವು ಜಾಸ್ತಿ ಆಯಿತೇ ಹೊರತು ಏನೂ ಇಳಿಯಲಿಲ್ಲ. ಸಂಜೆ ಚುಚ್ಚುಮದ್ದು ಕೊಟ್ಟು ಶಾಶ್ವತವಾಗಿ ಮಲಗಿಸಿದೆವು. ಚುಕ್ಕಿ ಎರಡು ದಿನ ಆ ಮೂಲೆಯ ಹುಲ್ಲು ಮೂಸುತ್ತಾ ಕೆನೆಯುತ್ತಿದ್ದಳು. ಮರಿಯ ಕೂದಲು ಕಳಿಸಿದ್ದೆವು, ಫ್ರೇಮ್ ಎರಡು ಪ್ರತಿ ಅಂತ ಬಂತು. ತಂದೆಯಿಂದ ಒಂದು, ನನ್ನ ಚುಕ್ಕಿಯಿಂದ ಒಂದು.

ಏನಾಗುತ್ತದೆ ಅಂದರೆ, ಹೊಟ್ಟೆಯಲ್ಲಿ ಮರಿ ಬೆಳೆಯುವಾಗ ಬಣ್ಣ ಕೊಡುವ ಕೋಶಗಳೂ ಕರುಳನ್ನು ಅಲ್ಲಾಡಿಸುವ ನರಕೋಶಗಳೂ ಬೆನ್ನುಹುರಿಯಾಗುವ ಜಾಗದ ಅಂಚಿನಿಂದಲೇ ಹೊರಟು ಮೈಯೆಲ್ಲ ಹರಡಬೇಕು. ಆ ಪಯಣಕ್ಕೆ ಇಡಿಎನ್‌ಆರ್‌ಬಿ ಅನ್ನೋ ಜೀನ್ ಬೇಕು. ಅದರ ಒಂದು ಪ್ರತಿ ಕೆಟ್ಟರೆ ಸಾಮಾನ್ಯವಾಗಿ ಕೆಲವು ಕಡೆ ಬಣ್ಣ ತಲುಪಲ್ಲ, ಅದೇ ಫ್ರೇಮ್. ಎರಡೂ ಕೆಟ್ಟರೆ ಚರ್ಮಕ್ಕೆ ಬಣ್ಣವೂ ಇಲ್ಲ, ಕರುಳಿನ ಕೊನೆಯ ಭಾಗಕ್ಕೆ ನರವೂ ಇಲ್ಲ. ಹಾಲು ಒಳಗೆ ಹೋಗುತ್ತದೆ, ಮುಂದೆ ತಳ್ಳುವವರಿಲ್ಲ. ಇದಕ್ಕೆ ಚಿಕಿತ್ಸೆ ಇಲ್ಲ. ಈ ದೋಷ ಯಾವುದು ಅಂತ ಪತ್ತೆಯಾಗಿದ್ದು 1998ರಲ್ಲಿ, ಆಗಿನಿಂದ ಪರೀಕ್ಷೆಯೂ ಇದೆ. ಅಂದರೆ ನನ್ನ ಮರಿ ಹುಟ್ಟುವ ಎಷ್ಟೋ ಮುಂಚೆಯೇ ಉತ್ತರ ಸಿಗುತ್ತಿತ್ತು.

ಈಗ ನನ್ನ ತಪ್ಪಿನ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಎಲ್ಲರೂ ಮಾಡೋದು ಇದನ್ನೇ. ಅರ್ಜಿಯಲ್ಲಿ ಒಂದೊಂದು ಜೀನಿಗೂ ಒಂದೊಂದು ಚೌಕ ಇತ್ತು, ಒಂದೊಂದಕ್ಕೂ ಬೇರೆ ಶುಲ್ಕ. ಅಜ್ಜಿ ಟೊಬಿಯಾನೊ ಅಲ್ವಾ, ಬಂದರೆ ಅದೇ ಬರಬೇಕು ಅಂತ ಅದೊಂದಕ್ಕೆ ಗುರುತು ಹಾಕಿದೆ. ಎನ್/ಎನ್ ಅಂತ ಬಂದ ಕೂಡಲೇ ನನ್ನ ತಲೆಯಲ್ಲಿ ಅದು "ಪಿಂಟೊ ಇಲ್ಲ" ಅಂತ ಕೂತುಬಿಟ್ಟಿತು. ಪಿಂಟೊ ಅನ್ನೋದು ಒಂದು ಜೀನಿನ ಹೆಸರೇ ಅಲ್ಲ. ಬಿಳಿ ತೇಪೆ ಕಂಡರೆ ನಾವು ಇಡುವ ಹೆಸರು ಅದು. ಟೊಬಿಯಾನೊ ಅಂದರೆ 3ನೇ ಕ್ರೋಮೋಸೋಮಿನ ಒಂದು ದೊಡ್ಡ ತುಂಡು ತಿರುಗುಮುರುಗಾಗಿ ಕೂತಿರೋದು, ಕಿಟ್ ಅನ್ನೋ ಜೀನಿನ ಪಕ್ಕದಲ್ಲಿ. ಫ್ರೇಮ್ ಇರೋದು 17ನೇದರಲ್ಲಿ. ಸ್ಪ್ಲ್ಯಾಶ್, ಸಬಿನೊ ಅಂತ ಇನ್ನೂ ಬಗೆಯ ಬಿಳಿ ಇವೆ. ಸ್ಪ್ಲ್ಯಾಶ್ ಒಂದು ಬಗೆ ಎಂಐಟಿಎಫ್ ಜೀನಿನದು, ಇನ್ನೊಂದು ಪ್ಯಾಕ್ಸ್3 ಜೀನಿನದು. ಸಬಿನೊ 1 ಮತ್ತೆ ಕಿಟ್ ಕಡೆಯದು. ಒಂದರ ಪರೀಕ್ಷೆ ಇನ್ನೊಂದನ್ನು ತೋರಿಸಲ್ಲ, ಒಂದೇ ಕುದುರೆಯಲ್ಲಿ ಎರಡು ಮೂರು ಇರಬಹುದು. ಟೊಬಿಯಾನೊ ಸಾಲು ಟೊಬಿಯಾನೊ ಬಗ್ಗೆ ಮಾತ್ರ ಹೇಳುತ್ತದೆ. ನಾನು ಆ ಒಂದು ಸಾಲನ್ನು ಇಡೀ ಕುದುರೆಗೆ ಹೊಂದಿಸಿದೆ, ಅದನ್ನೇ ಗಂಡಿನ ಯಜಮಾನರಿಗೂ ಹೇಳಿದೆ, ಅವರೂ ನಂಬಿದರು. ಕಾಗದ ತೋರಿಸಿ ಅಂತ ಒಂದು ಮಾತು ಅವರು ಕೇಳಿದ್ದರೆ ಸಾಕಿತ್ತು. ಆದರೆ ತೋರಿಸಬೇಕಾದವರು ನಾನು.

ಹಿಂದಿನ ಮೂರು ಮರಿಗಳ ಮೇಲೂ ಭಾರ ಹಾಕಿದ್ದೆ. ಮೂರಕ್ಕೆ ಮೂರೂ ಒಂದೇ ಬಣ್ಣ, ಇದ್ದಿದ್ದರೆ ಬಂದಿರಬೇಕಿತ್ತು ಅಂತ. ಲೆಕ್ಕ ಹಾಕಿ ನೋಡಿ: ತಾಯಿಯಲ್ಲಿ ಒಂದು ಪ್ರತಿ ಇದ್ದರೆ ಪ್ರತಿ ಮರಿಗೂ ಅರ್ಧ ಅವಕಾಶ. ಮೂರೂ ತಪ್ಪಿಸಿಕೊಳ್ಳುವ ಅವಕಾಶ ಎಂಟರಲ್ಲಿ ಒಂದು, ಅದೇನು ಅಪರೂಪವಲ್ಲ. ಅದಕ್ಕಿಂತ ಮುಖ್ಯ, ತಾಯಿಯ ಮೈಮೇಲೆ ಕಾಣದ ಜೀನ್ ಮರಿಯ ಮೈಮೇಲೆ ಯಾಕೆ ಕಾಣಲೇಬೇಕು? ಆ ಮೂರರಲ್ಲಿ ಒಂದನ್ನು ಆಮೇಲೆ ಹೊಸ ಯಜಮಾನರು ಪರೀಕ್ಷೆ ಮಾಡಿಸಿದರು. ಫ್ರೇಮ್ ಇತ್ತು.

ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಮೈ ನೋಡಿ ಹೇಳಲು ಆಗಲ್ಲ, ಯಾರಾದರೂ ಹೇಳಿದರೆ ನಂಬಬೇಡಿ, ಎಷ್ಟೇ ಅನುಭವ ಇರುವವರಾದರೂ ಸರಿ. ಸುಳಿವುಗಳು ಇವೆ, ಇಲ್ಲ ಅನ್ನಲ್ಲ. ನಾಲ್ಕೂ ಕಾಲು ಬಿಳಿ ಇದ್ದು ಮುಖ ಮಾತ್ರ ಖಾಲಿ ಇದ್ದರೆ ಟೊಬಿಯಾನೊ ನೆನಪಾಗುತ್ತದೆ. ಮುಖದ ಬಿಳಿ ಕೆಳಗೆ ಹೋಗ್ತಾ ಅಗಲವಾಗಿ, ಬಣ್ಣದ ಡಬ್ಬಿಯಲ್ಲಿ ಮೂತಿ ಅದ್ದಿ ತೆಗೆದಂತೆ ಇದ್ದರೆ ಸ್ಪ್ಲ್ಯಾಶ್. ಗದ್ದದ ಮೇಲೆ ಬಿಳಿ, ಕಾಲಿನ ಬಿಳಿ ಮೊನಚಾಗಿ ಮೇಲೆ ಹತ್ತಿದ್ದರೆ ಸಬಿನೊ ಕಡೆ ಅನುಮಾನ. ಬೂದು ಕುದುರೆ ವಯಸ್ಸಾದಂತೆ ಪೂರ್ತಿ ಬೆಳ್ಳಗಾಗಿ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಅದಕ್ಕೆ ನೀರು ಹಾಕಿ ಕೂದಲು ಮೈಗಂಟಿದಾಗ ನೋಡಿ, ಹುಟ್ಟು ಬಿಳಿ ಇದ್ದಲ್ಲಿ ಚರ್ಮ ಗುಲಾಬಿ, ಉಳಿದ ಕಡೆ ಕಪ್ಪು. ಹೀಗೆ ನೋಡಿದಾಗ ನಾನೇ ಎಷ್ಟೋ ಸಲ ಆಶ್ಚರ್ಯಪಟ್ಟಿದ್ದೇನೆ. ಆದರೆ ಈ ಸುಳಿವು ಇದ್ದರೆ "ಇರಬಹುದು" ಅನ್ನಬಹುದು, ಇಲ್ಲದಿದ್ದರೆ "ಇಲ್ಲ" ಅನ್ನಲು ಆಗಲ್ಲ. ನಿಮಗೆ ಬೇಕಿರೋದು ಎರಡನೆಯ ಉತ್ತರ.

ನಿಮ್ಮ ಹೆಣ್ಣಿನ ನೀಲಿ ಕಣ್ಣು, ಅಗಲ ಪಟ್ಟೆ ಫ್ರೇಮ್‌ನಲ್ಲೂ ಬರುತ್ತದೆ, ಸ್ಪ್ಲ್ಯಾಶ್‌ನಲ್ಲೂ ಬರುತ್ತದೆ. ಕೆಂಚು ಮೈಯಲ್ಲಿ ಬಿಳಿ ಸ್ವಲ್ಪ ಜಾಸ್ತಿಯೇ ಹರಡುತ್ತದೆ. ಇನ್ನೊಂದು, ತೇಪೆಯ ಮರಿ ಬಂದಿದ್ದಕ್ಕೆ ತಾಯಿಯೇ ಕಾರಣ ಅಂತ ಹೇಗೆ ಗೊತ್ತು? ಆ ಒಂದೇ ಬಣ್ಣದ ಗಂಡಿನಲ್ಲೂ ಅಡಗಿರಬಹುದು. ಇಬ್ಬರಿಂದಲೂ ಚೂರು ಚೂರು ಬಿಳಿಯ ಜೀನ್ ಬಂದು ಮರಿಯಲ್ಲಿ ಸೇರಿ ದೊಡ್ಡದಾಗಿರಲೂಬಹುದು. ಆ ಮರಿಯ ಕೂದಲೂ ಕಳಿಸಿ.

ಈಗ ನಾಲ್ಕರಲ್ಲಿ ಒಂದರ ವಿಷಯ. ಈ ಮಾತು ನನಗೆ ಸಿಟ್ಟು ತರಿಸುತ್ತದೆ, ನಿಮ್ಮ ಮೇಲಲ್ಲ, ಈ ಮಾತಿನ ಮೇಲೆ. ಎರಡೂ ಫ್ರೇಮ್ ಆದರೆ 25% ಸಾಯುವ ಮರಿ, 50% ಫ್ರೇಮ್, 25% ಏನೂ ಇಲ್ಲ. ಒಂದೇ ಫ್ರೇಮ್, ಇನ್ನೊಂದರಲ್ಲಿ ಅದು ಇಲ್ಲ ಅಂದರೆ 50% ಫ್ರೇಮ್, 50% ಏನೂ ಇಲ್ಲ, ಸಾಯುವ ಮರಿ ಸೊನ್ನೆ. ಎರಡರಲ್ಲೂ ಬದುಕುವ ಫ್ರೇಮ್ ಮರಿಯ ಅವಕಾಶ ಅರ್ಧಕ್ಕರ್ಧ, ಅಷ್ಟೇ. ಎರಡು ಫ್ರೇಮ್ ಕೂಡಿಸಿದರೆ ಒಂದೇ ಒಂದು ಮರಿಯಷ್ಟೂ ಲಾಭವಿಲ್ಲ. ಹಾಗಿದ್ದಾಗ ಆ 25%ನ್ನು ಯಾವ ಆಸೆಗೆ ಹೊತ್ತುಕೊಳ್ಳಬೇಕು?

ಹಾಗಂತ ಫ್ರೇಮ್ ಇದೆ ಅಂತ ಬಂದರೆ ಹೆಣ್ಣನ್ನು ಮಾರಬೇಡಿ, ಮರಿ ಮಾಡಿಸೋದನ್ನ ನಿಲ್ಲಿಸಲೂಬೇಡಿ. ಒಂದು ಪ್ರತಿ ಇರುವ ಕುದುರೆಗೆ ಈ ಕರುಳಿನ ಕಾಯಿಲೆ ಬರಲ್ಲ. ಫ್ರೇಮ್ ಇಲ್ಲ ಅಂತ ಕಾಗದ ಇರುವ ಗಂಡು ಹುಡುಕಿ, ಟೊಬಿಯಾನೊ ಆದರೂ ಪರವಾಗಿಲ್ಲ. ಅದೇ ರೀತಿ ಬಿಳಿ ಮರಿ ಹುಟ್ಟಿದ ತಕ್ಷಣ ಮುಗಿಯಿತು ಅಂದುಕೊಳ್ಳಬೇಡಿ. ಸಬಿನೊ 1 ಎರಡು ಪ್ರತಿ ಇದ್ದರೂ ಮರಿ ಹೆಚ್ಚುಕಡಿಮೆ ಪೂರ್ತಿ ಬಿಳಿ, ಆರಾಮಾಗಿ ಬದುಕುತ್ತದೆ. ಕೆನೆ ಬಣ್ಣದ ನೀಲಿ ಕಣ್ಣಿನ ಮರಿಗಳೂ ಇವೆ. ಲದ್ದಿ ಬಂತಾ ನೋಡಿ, ಡಾಕ್ಟರನ್ನು ಕರೆಸಿ.

ಕೂದಲು ಕಿತ್ತು ತೆಗೆಯಬೇಕು, ಕತ್ತರಿಸಿದರೆ ಪ್ರಯೋಜನವಿಲ್ಲ. ಜೂಲಿನದೋ ಬಾಲದ್ದೋ 20-30 ಎಳೆ ಬೆರಳಿಗೆ ಸುತ್ತಿ ಒಂದೇ ಸಲ ಎಳೆಯಿರಿ. ಬುಡದಲ್ಲಿ ಚಿಕ್ಕ ಗಂಟು ಕಾಣಬೇಕು, ಅದರಲ್ಲೇ ಎಲ್ಲ ಇರೋದು. ಒಂದು ಕುದುರೆಗೆ ಒಂದು ಲಕೋಟೆ, ಕೀಳುವ ಮುಂಚೆಯೇ ಹೆಸರು ಬರೆದಿಡಿ, ಮಧ್ಯೆ ಕೈ ತೊಳೆಯಿರಿ. ಅರ್ಜಿಯಲ್ಲಿ ಬಿಳಿ ಬಣ್ಣದ ಎಲ್ಲ ಜೀನುಗಳ ಒಟ್ಟು ಪರೀಕ್ಷೆ ಇದ್ದರೆ ಅದನ್ನೇ ಆರಿಸಿ. ದುಡ್ಡು ಸಾಲದಿದ್ದರೆ ಮೊದಲು ಫ್ರೇಮ್. ವರದಿ ಬಂದಾಗ ಫ್ರೇಮ್ ಅನ್ನೋ ಸಾಲು ಇದೆಯಾ ಅಂತ ಬೆರಳಿಟ್ಟು ನೋಡಿ. ಗಂಡಿನ ಯಜಮಾನರಿಗೆ ಬಾಯಲ್ಲಿ ಹೇಳಬೇಡಿ, ಕಾಗದವನ್ನೇ ಕಳಿಸಿ, ಅವರದ್ದನ್ನೂ ಕೇಳಿ.

ಚುಕ್ಕಿ ಆಮೇಲೆ ಮತ್ತೊಂದು ಮರಿ ಹಾಕಿದಳು, ಫ್ರೇಮ್ ಇಲ್ಲದ ಗಂಡಿನಿಂದ. ಹೆಣ್ಣುಮರಿ, ಕಡು ಕಂದು, ಹಣೆಯ ಮೇಲೆ ತಾಯಿಗಿದ್ದ ಚುಕ್ಕೆಯೂ ಇಲ್ಲ. ಕೂದಲು ಕಳಿಸಿದೆ. ಫ್ರೇಮ್, ಒಂದು ಪ್ರತಿ.