ನನಗೆ ಬರೋದು ಅಡುಗೆ ಒಂದೇ. ಅದರಿಂದ ಕ್ರಿಸ್ತನ ಪ್ರೀತಿ ತೋರಿಸೋಕಾಗುತ್ತಾ?

ನೀವು ಕೇಳಿರೋದು ಇಷ್ಟು: ಮದುವೆಯಾಗಿ ಬೆಂಗಳೂರಿಗೆ ಬಂದಿದ್ದೀರಿ. ಚರ್ಚಿನಲ್ಲಿ ಮುಂದೆ ನಿಂತು ಹಾಡೋದು, ಮಾತಾಡೋದು ನಿಮ್ಮ ಸ್ವಭಾವ ಅಲ್ಲ, ಅಡುಗೆ ಮಾತ್ರ ಚೆನ್ನಾಗಿ ಬರುತ್ತೆ. ಎದುರು ಮನೆಯ ಆಂಟಿ ಈಚೆಗೆ ಗಂಡನನ್ನು ಕಳಕೊಂಡಿದ್ದಾರೆ, ಅವರು ಸಸ್ಯಾಹಾರಿಗಳು. ಏನಾದರೂ ಮಾಡಿಕೊಡೋಣ ಅಂತ ಮನಸ್ಸು, ಆದರೆ ‘ಮತಾಂತರಕ್ಕೆ ಬಂದಳು’ ಅಂದುಕೊಂಡಾರೇನೋ ಅನ್ನೋ ಅಳುಕು.

ಖಂಡಿತ ತೋರಿಸಬಹುದು. ಆದರೆ ಮಾಡೋದು ಉಣ್ಣೋರ ಅಡುಗೆ ಆಗಿರಬೇಕು. ನಮಗೆ ಚೆನ್ನಾಗಿ ಬರೋ ಅಡುಗೆ, ನಾಲ್ಕು ಜನ ಹೊಗಳಿದ ಅಡುಗೆ, ಅದನ್ನೇ ಹೊತ್ತುಕೊಂಡು ಹೋಗೋಣ ಅನಿಸುತ್ತೆ ನೋಡಿ, ಅಲ್ಲೇ ಸ್ವಲ್ಪ ತಡೀಬೇಕು.

ನಾನು ಬಂಟ್ವಾಳದ ಕಡೆಯ ಕೆಥೋಲಿಕ್ ಮನೆಯವಳು, ಬೆಂಗಳೂರಿಗೆ ಬಂದು ಬಹಳ ವರ್ಷವಾಯಿತು. ಊರಲ್ಲಿ ಇದನ್ನು ಯಾರೂ ಕೂರಿಸಿ ಹೇಳಿಕೊಡಲಿಲ್ಲ. ಡಿಸೆಂಬರ್ ಬಂತಂದ್ರೆ ಕುಸ್ವಾರ್, ಅಂದರೆ ನಮ್ಮ ಕ್ರಿಸ್ಮಸ್ ತಿಂಡಿಗಳು: ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸ್, ಚಕ್ಕುಲಿ. ತಟ್ಟೆಗೆ ತುಂಬಿ, ಮೇಲೊಂದು ಬಟ್ಟೆ ಮುಚ್ಚಿ, ಮಕ್ಕಳ ಕೈಲಿ ಭಟ್ರ ಮನೆಗೂ ಬ್ಯಾರಿಗಳ ಮನೆಗೂ ಕಳಿಸೋದು. ಚೌತಿಗೆ, ಈದಿಗೆ ಆ ಕಡೆಯಿಂದ ನಮಗೆ ಬರೋದು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮರಿಯಮ್ಮನವರ ಹುಟ್ಟುಹಬ್ಬ) ನಮ್ಮ ಮನೆಯಲ್ಲೂ ಮೀನು ಮಾಂಸ ಇಲ್ಲ, ಹೊಸ ಭತ್ತದ ತೆನೆ ಪೂಜೆಯಲ್ಲಿ ಆಶೀರ್ವಾದ ಆಗಿ ಬಂದ ಮೇಲೆ ಬರೀ ತರಕಾರಿ ಊಟ. ಹಬ್ಬದ ತಟ್ಟೆ ಮಟ್ಟಿಗೆ ನಾವೆಲ್ಲ ಧಾರಾಳಿಗಳೇ. ಆಟಿ ತಿಂಗಳ ಮಳೆಯಲ್ಲಿ, ಹಬ್ಬ ಹರಿದಿನ ಏನೂ ಇಲ್ಲದ ಒಂದು ಮಂಗಳವಾರ, ಜ್ವರದಲ್ಲಿ ಮಲಗಿದವರ ಮನೆಗೆ ಕುಚ್ಚಲಕ್ಕಿ ಗಂಜಿ, ಸುಟ್ಟ ಮೆಣಸಿನ ಚಟ್ನಿ ಹೋಗುತ್ತಾ? ನನ್ನ ತಾಯಿ ಅಳೀತಿದ್ದದ್ದು ಇದರಲ್ಲಿ. ಕೇಕು ಹಂಚಿದ ಲೆಕ್ಕ ಅವರು ಇಟ್ಟವರೇ ಅಲ್ಲ.

ಸುವಾರ್ತೆಯಲ್ಲಿ ಊಟದ ಜಾಗಗಳನ್ನು ಒಮ್ಮೆ ಗಮನ ಕೊಟ್ಟು ಓದಿ. ಮಾರ್ಕನ 5ನೇ ಅಧ್ಯಾಯದಲ್ಲಿ ಯಾಯೀರನ ಹನ್ನೆರಡು ವರ್ಷದ ಮಗಳು ತೀರಿಕೊಂಡಿದ್ದಾಳೆ, ಮನೆ ತುಂಬ ಗೋಳಾಟ. ಯೇಸುಸ್ವಾಮಿ ಅವಳ ಕೈ ಹಿಡಿದು ಎಬ್ಬಿಸ್ತಾರೆ. ಸುತ್ತ ಇದ್ದವರು ಬೆಪ್ಪಾಗಿ ನಿಂತಿದ್ದಾರೆ. ಯಾರಿಗೂ ಹೇಳಬೇಡಿ ಅಂತ ಎಚ್ಚರಿಸಿ, ಮಗುವಿಗೆ ಏನಾದರೂ ತಿನ್ನೋಕೆ ಕೊಡಿ ಅಂತಾರೆ. ಅಷ್ಟು ದೊಡ್ಡ ಪವಾಡದ ನಡುವೆ ಹುಡುಗಿಗೆ ಹಸಿವಾಗಿರುತ್ತೆ ಅಂತ ಹೊಳೆದದ್ದು ಅವರೊಬ್ಬರಿಗೇ. ಯೊವಾನ್ನನ ಕೊನೆಯ ಅಧ್ಯಾಯ ಇನ್ನೂ ಚೆಂದ. ರಾತ್ರಿಯೆಲ್ಲ ಬಲೆ ಹಾಕಿ ಸುಸ್ತಾದ ಶಿಷ್ಯರು ದಡಕ್ಕೆ ಬಂದರೆ ಯೇಸುಸ್ವಾಮಿ ಅಲ್ಲಿ ಕಾದಿದ್ದಾರೆ, ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಬೆಸ್ತರಿಗೆ ಬೆಸ್ತರ ಊಟ. ಆ ಗುಂಪಲ್ಲಿ ಪೇತ್ರನೂ ಇದ್ದ, ಯೇಸು ಯಾರೋ ನನಗೆ ಗೊತ್ತಿಲ್ಲ ಅಂತ ಮೂರು ಸಲ ಅಂದವನು. ಅವನ ಜೊತೆ ಆಡಬೇಕಾದ ಮಾತು ಬೇಕಾದಷ್ಟಿತ್ತು. ಆದರೆ ಬನ್ನಿ ತಿನ್ನಿ ಅನ್ನೋದು ಮೊದಲು, ಮಾತೆಲ್ಲ ಊಟ ಆದ ಮೇಲೆ. ಈ ಕ್ರಮವನ್ನು ನಾನು ಬಹಳ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ.

ಇನ್ನು ನಿಮ್ಮ ಅಳುಕಿನ ವಿಷಯ. ಅದು ಇವತ್ತಿನದಲ್ಲ. ಪಂಡಿತಾ ರಮಾಬಾಯಿ ಗೊತ್ತಲ್ಲ, 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ತಂದೆ ಅನಂತಶಾಸ್ತ್ರಿ ಡೋಂಗ್ರೆ, ಕಾರ್ಕಳದ ಹತ್ತಿರದ ಮಾಳದವರು. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಹಸಿವಿನಿಂದ ಒಬ್ಬರ ಹಿಂದೆ ಒಬ್ಬರು ಹೋದರು. ಮುಂದೆ ಆಕೆ ಕ್ರೈಸ್ತಳಾದರು, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗೆ ಶಾರದಾ ಸದನ ತೆರೆದರು. ಆಮೇಲೆ ಅದು ಪುಣೆಗೆ ಬಂತು. 1893ರಲ್ಲಿ ಅಲ್ಲಿ ಮತಾಂತರ ನಡೀತಿದೆ ಅನ್ನೋ ಗುಲ್ಲೆದ್ದು, ಎಷ್ಟೋ ಮನೆಯವರು ತಮ್ಮ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ಅದಾಗಿ ಮೂರ್ನಾಲ್ಕು ವರ್ಷಕ್ಕೆ ಮಧ್ಯ ಪ್ರಾಂತ್ಯದಲ್ಲಿ ಬರ ಬಿತ್ತು. ರಮಾಬಾಯಿ ತಾವೇ ಹೋಗಿ ನೂರಾರು ಹುಡುಗಿಯರನ್ನು ಕರೆತಂದು ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಅನ್ನ, ಆಸರೆ ಕೊಟ್ಟರು. ಅಲ್ಲಿ ಮತ ಬದಲಾಯಿಸಿದವರು ಬಹಳ ಮಂದಿ ಇದ್ದರು, ಅದನ್ನು ಮುಚ್ಚಿಡೋದು ಬೇಡ. ಆಕೆಯ ನಡೆಯನ್ನು ಹೇಗೆ ಬೇಕಾದರೂ ತೂಗಬಹುದು. ನನ್ನನ್ನು ಹಿಡಿದು ನಿಲ್ಲಿಸೋದು ಬೇರೊಂದು ಸಂಗತಿ: ಬ್ಯಾಪ್ಟಿಸಮ್ ಆದ ಮೇಲೂ ಆಕೆ ಸಸ್ಯಾಹಾರ ಬಿಡಲಿಲ್ಲ. ಕ್ರೈಸ್ತರಾಗೋಕೆ ತಟ್ಟೆ ಬದಲಾಯಿಸಬೇಕಿಲ್ಲ ಅಂತ ಆಕೆಗೆ ಸ್ಪಷ್ಟವಾಗಿತ್ತು. ಹಾಗಿದ್ದ ಮೇಲೆ ಇನ್ನೊಬ್ಬರ ತಟ್ಟೆಗೆ ನಮ್ಮ ರುಚಿ ಯಾಕೆ ಹಾಕಬೇಕು?

‘ಆಮಿಷ’ ಅನ್ನೋ ಪದ ಈಗ ಎಲ್ಲರ ಬಾಯಲ್ಲಿದೆ. ಅದಕ್ಕೆ ಉತ್ತರ ಒಂದೇ, ಊಟದ ಜೊತೆ ಬೇರೇನೂ ಹೋಗಬಾರದು. ಡಬ್ಬಿಯ ಕೆಳಗೆ ಕರಪತ್ರ ಬೇಡ. ಭಾನುವಾರ ಬನ್ನಿ ಅನ್ನೋದು ಬೇಡ. ಬಾಗಿಲಲ್ಲಿ ನಿಂತು ‘ಪ್ರಾರ್ಥನೆ ಮಾಡಲಾ’ ಅಂತ ಕೇಳೋದೂ ಬೇಡ. ಬೇಡ ಅನ್ನೋಕೆ ಅವರಿಗೆ ಸಂಕೋಚ ಆಗುತ್ತೆ, ಆ ಸಂಕೋಚವನ್ನು ನಾವು ಬಳಸಿಕೊಂಡಂಗಾಗುತ್ತೆ. ಪ್ರಾರ್ಥನೆಗೆ ನಿಮ್ಮ ಮನೆ ಇದೆ, ಒಲೆ ಮುಂದೆ ನಿಂತುಕೊಂಡೇ ಮಾಡಿ. ‘ಯಾಕಮ್ಮಾ ಇಷ್ಟೆಲ್ಲ ಮಾಡ್ತೀಯಾ’ ಅಂತ ಅವರಾಗೇ ಕೇಳಿದರೆ, ‘ನಮ್ಮ ಸ್ವಾಮಿ ಹೀಗೆ ಮಾಡಿ ಅಂತ ಹೇಳಿದಾರೆ ಆಂಟಿ’ ಅಂದರೆ ಸಾಕು. ಇನ್ನೊಂದು ಮಾತು, ಇದು ನಮ್ಮವರಿಗೇ ಸ್ವಲ್ಪ ಚುಚ್ಚಬಹುದು. ಚರ್ಚಿನ ಕೂಟದಲ್ಲಿ ಅವರ ದುಃಖವನ್ನು ನಿಮ್ಮ ಸಾಕ್ಷಿ ಮಾಡಿ ಹೇಳಬೇಡಿ, ವಾಟ್ಸಾಪ್ ಗ್ರೂಪಿಗೆ ಊಟ ಕೊಡೋ ಫೋಟೋ ಹಾಕಬೇಡಿ. ಎಡಗೈಗೆ ತಿಳಿಯದ ಹಾಗೆ ಬಲಗೈ ಕೊಡಲಿ ಅಂದವರು ನಮ್ಮ ಸ್ವಾಮಿಯೇ.

ಅವರು ನಮ್ಮ ಮನೆಯ ಬೇಯಿಸಿದ್ದನ್ನು ತಿನ್ನದೇ ಇರಬಹುದು. ಮೀನು ಬೇಯಿಸೋ ಪಾತ್ರೆ ಅನ್ನೋ ಕಾರಣಕ್ಕೋ, ಮಡಿ ಅಂತಲೋ, ಮನೆಯ ಹಿರಿಯರಿಗೆ ಹೆದರಿಯೋ. ನೇರವಾಗಿ ಕೇಳಿಬಿಡಿ: ‘ಆಂಟಿ, ನಮ್ಮನೇದು ತಿಂತೀರಾ? ಇಲ್ಲಾಂದ್ರೆ ಹಾಲು ಹಣ್ಣು ತರ್ತೀನಿ, ನಂಗೇನೂ ಬೇಜಾರಿಲ್ಲ.’ ಬೇಡ ಅಂದಾಗ ಒಳಗೆ ಚುರುಕ್ ಅನ್ನುತ್ತೆ, ಇಲ್ಲ ಅನ್ನೋಲ್ಲ. ಮಡಿಯ ಹೆಸರಲ್ಲಿ ಜಾತಿ ಕೂತಿರುತ್ತೆ ಅಂತ ನಮಗೂ ಗೊತ್ತು. ಆದರೆ ಸಾವಾದ ಮನೆ ಆ ಜಗಳಕ್ಕೆ ಜಾಗ ಅಲ್ಲ.

ನಮ್ಮ ಬೀದಿಯಲ್ಲಿ ಹಿಂಗೇ ಒಬ್ಬರಿದ್ದರು, ವಯಸ್ಸಾದವರು, ಹೊರಗಡೆದು ಹನಿ ನೀರೂ ಮುಟ್ಟದವರು. ಯಜಮಾನರು ಹೋದ ಮೇಲೆ ಬಾಗಿಲು ಅರ್ಧ ತೆರೆದು ಮಾತಾಡಿಸಿ ಕಳಿಸಿಬಿಡೋರು. ಅವರೆಕಾಯಿ ಕಾಲ. ನಾನು ಎರಡು ಕೆಜಿ ಕಾಯಿ ತಂದು, ‘ಒಬ್ಬಳೇ ಬಿಡಿಸೋಕಾಗ್ತಿಲ್ಲ, ಕೂತ್ಕೊಳ್ಳಲಾ’ ಅಂದೆ. ಜಗುಲಿ ಮೇಲೆ ಪೇಪರ್ ಹಾಸಿದರು. ಮೊದಲ ಹತ್ತು ನಿಮಿಷ ಸಿಪ್ಪೆ ಸದ್ದು ಬಿಟ್ಟರೆ ಮಾತಿಲ್ಲ. ಆಮೇಲೆ ಒಂದು ಕಾಯಿ ಮೂಗಿಗೆ ಹಿಡಿದು, ‘ಇದರಲ್ಲಿ ಸೊನೆನೇ ಇಲ್ಲ, ನಮ್ಮನೆಯವರಾಗಿದ್ದರೆ ತರ್ತಾನೇ ಇರಲಿಲ್ಲ’ ಅಂದರು. ಮಾರ್ಕೆಟ್ಟಿನಲ್ಲಿ ಒಂದೊಂದೇ ಗುಡ್ಡೆಗೆ ಬಗ್ಗಿ ಮೂಸಿ ನೋಡ್ತಿದ್ದರಂತೆ, ಮಾರೋರು ಬೈತಿದ್ದರಂತೆ. ನಕ್ಕರು, ನಗುತ್ತಾನೇ ಕಣ್ಣೊರೆಸಿಕೊಂಡರು, ಬೆರಳ ತುಂಬ ಸೊನೆ ಅಂಟು. (ಸೊನೆ ಇತ್ತು, ಅದು ಬೇರೆ ವಿಷಯ.) ನಾನು ಸಮಾಧಾನದ ಮಾತು ಒಂದೂ ಆಡಲಿಲ್ಲ, ಕಾಳು ನೆನೆಹಾಕೋಕೆ ಪಾತ್ರೆ ಎಲ್ಲಿದೆ ಅಂತ ಕೇಳಿದೆ. ಮರುದಿನ ಹಿತಕಿದ ಬೇಳೆ ಸಾರು ಮಾಡಿದ್ದು ಅವರು. ನಮ್ಮನೆಗೆ ಒಂದು ಬಟ್ಟಲು ಬಂತು. ಎಷ್ಟೋ ದಿನದ ಮೇಲೆ ಆ ಮನೆಯಿಂದ ಒಗ್ಗರಣೆ ವಾಸನೆ ಬಂದದ್ದು ಅವತ್ತು.

ಆದ್ದರಿಂದ ಅವರು ಕೊಟ್ಟರೆ ತಗೊಳ್ಳಿ, ‘ಅಯ್ಯೋ ನಿಮಗ್ಯಾಕೆ ತೊಂದರೆ’ ಅನ್ನಬೇಡಿ. ಬರೀ ಕೊಡ್ತಾ ಇರೋರ ಮುಂದೆ ಮನುಷ್ಯ ಕುಗ್ಗಿಹೋಗ್ತಾನೆ.

ಯಾವಾಗ ಹೋಗಬೇಕು ಅನ್ನೋದೂ ಮುಖ್ಯ. ಮೊದಲ ದಿನಗಳಲ್ಲಿ ನೆಂಟರು ತುಂಬಿರ್ತಾರೆ, ಊಟ ಹೆಚ್ಚಾಗಿ ಹಾಳಾಗೋದೂ ಉಂಟು. ಹನ್ನೊಂದನೇ ದಿನವೋ ಹದಿಮೂರನೇ ದಿನವೋ, ಅವರವರ ಕ್ರಮದ ಹಾಗೆ ಕಾರ್ಯ ಮುಗಿದು ಎಲ್ಲರೂ ಬಸ್ಸು ಹತ್ತಿದ ಮೇಲೆ ಮನೆ ಖಾಲಿ. ಒಬ್ಬರಿಗೋಸ್ಕರ ಯಾರು ಕುಕ್ಕರ್ ಇಡ್ತಾರೆ? ಬ್ರೆಡ್ಡು, ಕಾಫಿ, ನಿನ್ನೆಯ ಅನ್ನದಲ್ಲೇ ದಿನ ಹೋಗುತ್ತೆ. ನಿಮ್ಮ ಸರದಿ ಅಲ್ಲಿ ಶುರು. ರಾತ್ರಿ ಏಳೂವರೆ ಹೊತ್ತಿಗೆ ಎರಡು ಚಪಾತಿ, ಒಂದು ಪಲ್ಯ. ಪಾಯಸ, ಪಲಾವ್, ದೊಡ್ಡ ಏರ್ಪಾಡು ಬೇಡವೇ ಬೇಡ.

ಪಾತ್ರೆ ಬಗ್ಗೆ ಒಂದು ಸಣ್ಣ ವಿಷಯ. ನಮ್ಮಲ್ಲಿ ಬಂದ ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡೋ ಪದ್ಧತಿ ಇಲ್ಲ, ಸಕ್ಕರೆಯನ್ನೋ ಹಣ್ಣನ್ನೋ ಹಾಕಿಯೇ ಕೊಡ್ತಾರೆ. ದುಃಖದಲ್ಲಿ ಇರೋರಿಗೆ ಅದೂ ಒಂದು ಸಾಲ. ಬಾಳೆಲೆಯಲ್ಲಿ ಕಟ್ಟಿ, ಇಲ್ಲಾ ಹೋಟೆಲಿನಿಂದ ಬಂದ ಡಬ್ಬಿ ತೊಳೆದಿಟ್ಟಿದ್ದರೆ ಅದರಲ್ಲಿ ಕೊಡಿ, ‘ಇದು ಬಿಸಾಡೋದೇ’ ಅಂತ ಹೇಳಿಬಿಡಿ.

ಕಾಯಿಲೆಯವರಿಗೆ ಕೊಡೋದಾದರೆ ಪ್ರೀತಿ ಒಂದೇ ಸಾಲದು, ಕೇಳಿ ತಿಳ್ಕೊಳ್ಳಬೇಕು. ಎಳನೀರು, ಬಾಳೆಹಣ್ಣು ಎಲ್ಲರಿಗೂ ಒಳ್ಳೇದು ಅಂತ ನಾವು ಹಿಡಿದುಕೊಂಡು ಹೋಗ್ತೀವಿ. ಡಯಾಲಿಸಿಸ್‌ನಲ್ಲಿ ಇರೋರಿಗೆ ಅದರಲ್ಲಿರೋ ಪೊಟ್ಯಾಶಿಯಂ ಹೃದಯಕ್ಕೇ ಅಪಾಯ, ಉಪ್ಪು, ನೀರು ಎರಡೂ ಅವರಿಗೆ ಅಳತೆಯಲ್ಲೇ. ಕೀಮೋ ನಡೀತಿದ್ದರೆ ಒಗ್ಗರಣೆಯ ಘಾಟಿಗೇ ವಾಂತಿ ಬರಬಹುದು, ಬಾಯಿ ಹುಣ್ಣಾಗಿ ಹುಳಿ ಖಾರ ಉರಿಯಬಹುದು. ಬಿಸಿ ಆರಿದ ಮೆತ್ತನೆಯ ಅನ್ನ, ತೆಳ್ಳನೆ ಬೇಳೆ, ಎರಡು ಮೂರು ತುತ್ತಿನ ಪ್ರಮಾಣದಲ್ಲಿ. ಹಸಿ ಕೋಸಂಬರಿ, ಕತ್ತರಿಸಿಟ್ಟ ಹಣ್ಣು ಒಯ್ಯಬೇಡಿ, ಸೋಂಕು ತಡೆಯೋ ಶಕ್ತಿ ಅವರಿಗೆ ಕಡಿಮೆ ಇರುತ್ತೆ. ಬಾಣಂತಿ ಮನೆಗೆ ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ ಸಾಮಾನ್ಯವಾಗಿ ನಡೆಯುತ್ತೆ, ಆದರೂ ಅವಳ ಅಮ್ಮನನ್ನೋ ಅತ್ತೆಯನ್ನೋ ಒಂದು ಮಾತು ಕೇಳೋದು ವಾಸಿ. ಮುಸ್ಲಿಮರ ಮನೆಗಾದರೆ ಹಂದಿಮಾಂಸ ಮಾಡಿದ ಪಾತ್ರೆ ಮುಟ್ಟಿಸಬೇಡಿ, ಹಲಾಲ್ ಬಗ್ಗೆ ಅನುಮಾನ ಇದ್ದರೆ ತರಕಾರಿಯದ್ದೇ ಮಾಡಿ. ರೋಗಿಯ ಜೊತೆಗಿರೋರನ್ನೂ ಮರೀಬೇಡಿ. ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ರಾಯಚೂರು, ಬೀದರಿನಿಂದ ಬಂದವರಿರ್ತಾರೆ. ರೋಗಿಗೆ ಆಸ್ಪತ್ರೆ ಊಟ ಸಿಕ್ಕಿದರೂ ಜೊತೆಗೆ ಬಂದ ಹೆಂಡತಿ ಬಿಸ್ಕತ್ತಿನಲ್ಲಿ ದಿನ ದೂಡ್ತಿರ್ತಾಳೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಸಿಕ್ಕರೆ ಆ ಮುಖ ನೋಡಬೇಕು. ನಮ್ಮ ಕಡೆಯ ಪತ್ರೊಡೆ ಅವರಿಗೆ ಏನು ಗೊತ್ತು ಪಾಪ.

ಕೊನೆಯದಾಗಿ ನಿಮ್ಮ ಮನೆಯ ವಿಷಯ. ಬೇರೆಯವರಿಗೆ ಅಂತ ಬೇರೆ ಅಡುಗೆ ಶುರುಮಾಡಿದರೆ ತಿಂಗಳೊಳಗೆ ನಿಮಗೂ ಸಾಕಾಗುತ್ತೆ, ಗಂಡನಿಗೂ ಸಿಡುಕು ಬರುತ್ತೆ. ವಾರಕ್ಕೆರಡು ದಿನ ನಿಮ್ಮ ಮನೆಯಲ್ಲೂ ಆ ಆಂಟಿ ತಿನ್ನೋಂಥದ್ದೇ ಮಾಡಿ, ಒಂದು ಪಾವು ಅಕ್ಕಿ ಜಾಸ್ತಿ ಹಾಕಿ. ಎಲ್ಲೋ ಹಣದ ಕಷ್ಟವೇ ಇದೆ, ಮನೆ ಬಾಡಿಗೆ, ಸ್ಕೂಲ್ ಫೀಸು ಅಂತ ಗೊತ್ತಾದರೆ ಒಬ್ಬರೇ ಹೊರಬೇಡಿ. ನಿಮ್ಮದು ಕೆಥೋಲಿಕ್ ಚರ್ಚಾದರೆ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯ ಘಟಕ ಇದೆಯಾ ಕೇಳಿ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಝನಾಮ್ ಮತ್ತು ಅವರ ಗೆಳೆಯರು ಶುರುಮಾಡಿದ್ದು, ಆಗ ಓಝನಾಮ್‌ಗೆ 20 ವರ್ಷ, ಇನ್ನೂ ವಿದ್ಯಾರ್ಥಿ. ಬಡವರ ಮನೆಗೆ ತಾವೇ ಹೋಗಿ ಕೂತು ಮಾತಾಡಿಸೋದೇ ಅವರ ಮುಖ್ಯ ಕೆಲಸ. ಯಾವ ಧರ್ಮ ಅಂತ ಕೇಳೋಲ್ಲ.

ನಿಮ್ಮ ಎದುರು ಮನೆಗೆ ನಾನಾದರೆ ಈ ವಾರ ಖಾಲಿ ಕೈಯಲ್ಲೇ ಒಮ್ಮೆ ಹೋಗ್ತೀನಿ. ಐದು ನಿಮಿಷ ಕೂತು, ಏನು ತಿಂತಾರೆ, ಶುಗರ್ ಬಿಪಿ ಇದೆಯಾ, ರಾತ್ರಿ ಒಬ್ಬರೇ ಇರ್ತಾರಾ ಅಂತ ತಿಳ್ಕೊಂಡು ಬರ್ತೀನಿ. ಊಟ ಆಮೇಲೆ. ಏನೂ ಬೇಡಮ್ಮ ಅಂದರೆ ಸರಿ ಆಂಟಿ ಅಂತ ಎದ್ದು ಬನ್ನಿ, ಮುಖ ಸಣ್ಣ ಮಾಡ್ಕೋಬೇಡಿ. ತರಕಾರಿ ಗಾಡಿ ಬಂದಾಗ ಬಾಗಿಲು ತಟ್ಟಿ, ಸೊಪ್ಪು ಚೆನ್ನಾಗಿದೆ ಆಂಟಿ, ನಿಮಗೂ ಒಂದು ಕಟ್ಟು ತಗೊಳ್ಳಲಾ ಅಂತ ಕೇಳಿ.